ತಿಪ್ಪಾರಹಳ್ಳಿಯ ಹಾಡುಗಾರ ಟಿ. ಪಿ. ಕೈಲಾಸಂ

ಮುಂಬಯಿಯ ಕನ್ನಡಿಗರು ಸೇರಿದಲ್ಲಿ ಹಾಸ್ಯದ ಮಾತು ಬಂದರೆ ತ್ಯಾಗರಾಜ ಪರಮಶಿವ ಕೈಲಾಸಂ ಅವರ ಹೆಸರು ಬಾರದೆ ಇರದು. ಪ್ರಹಸನ ಪ್ರಪಿತಾಮಹರೆಂದೇ ಖ್ಯಾತರಾದ ಅವರು ನಾಟಕಗಳಷ್ಟೇ ಅಣಕು ಹಾಡುಗಳಿಂದಲೂ ಜನಮನದಲ್ಲಿ ಉಳಿದಿದ್ದಾರೆ.

1884ರ ಜುಲೈ 29ರಂದು ಜನಿಸಿದ ಕೈಲಾಸಂ ಅವರ ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದರು. ಭೂಗರ್ಭಶಾಸ್ತ್ರ ಕಲಿಯಲು ಮಗ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿದರು. ಪಾಠದ ಜೊತೆಗೆ ಅಲ್ಲಿನ ರಂಗಭೂಮಿ ಮತ್ತು ಮ್ಯೂಸಿಕ್ ಹಾಲ್‌ಗಳ ಹಾಡುಗಾರಿಕೆಯೂ ಅವರಿಗೆ ಹಿಡಿಸಿತು. ಊರಿಗೆ ಮರಳಿ ಸಂಸ್ಥಾನದ ಭೂಗರ್ಭ ಇಲಾಖೆಯಲ್ಲಿ ದುಡಿದರಾದರೂ ಆ ನೌಕರಿಗೆ ಮನಸ್ಸು ಅಂಟಲಿಲ್ಲ. ರಾಜೀನಾಮೆ ಕೊಟ್ಟು ನಾಟಕಕ್ಕೆ ಬದುಕನ್ನು ಒಪ್ಪಿಸಿದರು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರು ಊರ ನೆನಪಲ್ಲಿ ಹಾಡುತ್ತಿದ್ದ ಟಿಪ್ಪರರಿ ಗೀತೆಯ ಧಾಟಿಯನ್ನು ಕೈಲಾಸಂ ಕನ್ನಡಕ್ಕೆ ತಂದರು. ಐರ್ಲೆಂಡಿನ ಟಿಪ್ಪರರಿ ಅವರ ಬಾಯಲ್ಲಿ ತಿಪ್ಪಾರಹಳ್ಳಿಯಾಯಿತು. ಕೇಳಿದವರು ನಕ್ಕರು, ಆದರೆ ಊರು ದೂರವಾದವನ ಹಂಬಲ ಆ ನಗುವಿನೊಳಗೂ ಹಾಗೆಯೇ ಉಳಿಯಿತು. ಕಾನ್‌ಸ್ಟಾಂಟಿನೋಪಲ್ ಎಂಬ ಊರ ಹೆಸರನ್ನು ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಗೀತೆ ಇನ್ನೊಂದು. ಅದೇ ಮಟ್ಟಿನಲ್ಲಿ ಹುಟ್ಟಿದ ಕೋಳೀಕೆ ರಂಗ, ಕೂಲಿಮಠದ ಮಕ್ಕಳಂತೆ ಕಾಗುಣಿತ ಹಚ್ಚಿ ತನ್ನ ಹೆಸರನ್ನು ಹೇಳಿಕೊಳ್ಳುತ್ತಾನೆ. ಪದಕ್ಕೆ ಪದ ಅನುವಾದಿಸದೆ ಧಾಟಿಯನ್ನಷ್ಟೇ ಪಡೆದು ಹಳ್ಳಿಗನ ನಾಲಿಗೆಗೆ ಹೊಂದಿಸಿದ್ದು ಕೈಲಾಸಂ ಅವರ ಜಾಣ್ಮೆ.

ನಾಟಕಗಳಲ್ಲೂ ಇದೇ ಕಿವಿ ಕೆಲಸ ಮಾಡಿತು. ಕಂಪೆನಿ ನಾಟಕಗಳ ಗ್ರಾಂಥಿಕ ಭಾಷೆಯನ್ನು ಬದಿಗಿಟ್ಟು, ಬೆಂಗಳೂರು, ಮೈಸೂರಿನ ಮನೆಗಳ ಇಂಗ್ಲಿಷ್ ಬೆರೆತ ಮಾತನ್ನೇ ರಂಗಕ್ಕೆ ತಂದರು. ಟೊಳ್ಳುಗಟ್ಟಿ, ಪೋಲಿಕಿಟ್ಟಿ, ಬಂಡ್ವಾಳವಿಲ್ಲದ ಬಡಾಯಿ, ಅಮ್ಮಾವ್ರ ಗಂಡ ಮುಂತಾದವು ಜನರನ್ನು ನಗಿಸುತ್ತಲೇ ವಿದ್ಯಾವಂತರ ಸೋಗನ್ನು ಬಯಲಿಗೆಳೆದವು. ಕರ್ಣ, ಏಕಲವ್ಯರಂಥ ಪುರಾಣ ಪಾತ್ರಗಳ ಅಳಲನ್ನು ಮಾತ್ರ ಅವರು ಇಂಗ್ಲಿಷಿನಲ್ಲಿ ಬರೆದರು.

ಇಷ್ಟೆಲ್ಲ ಸೃಷ್ಟಿಸಿದವರು ಅದನ್ನು ಕಾಪಾಡುವ ಗೋಜಿಗೆ ಹೋಗಲಿಲ್ಲ. ನಾಟಕವನ್ನು ಬಾಯಲ್ಲಿ ಹೇಳುತ್ತ ಹೋಗುವುದು ಅವರ ರೂಢಿ, ಬಿ. ಎಸ್. ರಾಮರಾವ್ ಮೊದಲಾದ ಆಪ್ತರು ಬರೆದುಕೊಂಡದ್ದರಿಂದ ಹಲವು ಕೃತಿಗಳು ಉಳಿದವು. ಬರಹಕ್ಕೆ ಇಳಿಯದೆ ಗೆಳೆಯರ ಕೂಟದಲ್ಲೇ ಕರಗಿದ್ದು ಕನ್ನಡಕ್ಕಾದ ನಷ್ಟ.

1945ರಲ್ಲಿ ಮದರಾಸಿನಲ್ಲಿ ಜರಗಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ತಮಿಳು ಮನೆಮಾತಿನವರಿಗೆ, ಅದೂ ತಮಿಳು ನಾಡಿನ ನಡುವೆ, ಕನ್ನಡಿಗರು ಸಲ್ಲಿಸಿದ ಗೌರವವಿದು. ಮರುವರ್ಷ, 1946ರ ನವೆಂಬರ್ 23ರಂದು, ಬೆಂಗಳೂರಿನಲ್ಲಿ ಅವರು ನಿಧನರಾದರು.

ಊರು ಬಿಟ್ಟು ಮುಂಬಯಿ ಸೇರಿದವರಿಗೆ ತಿಪ್ಪಾರಹಳ್ಳಿಯ ದೂರವನ್ನು ಬೇರೆ ಯಾರೂ ವಿವರಿಸಬೇಕಿಲ್ಲ. ಬಾಯಿಂದ ಬಾಯಿಗೆ ದಾಟಿ ಬಂದ ಈ ಹಾಡುಗಳನ್ನು ಇಲ್ಲೇ ಹುಟ್ಟಿದ ಮಕ್ಕಳಿಗೂ ಕಲಿಸಿದರೆ, ಆಪ್ತರು ಅಂದು ಬರೆದಿಟ್ಟ ಶ್ರಮಕ್ಕೆ ಸಂಘಗಳೂ ಹೆಗಲು ಕೊಟ್ಟಂತಾದೀತು.