ಹಿಮಸರೋವರದ ಕಪ್ಪು ಕಲ್ಲು: ಗಿಲ್ಬರ್ಟ್ ಲಬೈನ್

ರೇಡಿಯಂ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಮೇಡಂ ಕ್ಯೂರಿಯವರ ನೆನಪಾಗುತ್ತದೆ. ಆ ಧಾತುವನ್ನು ಒಡಲಲ್ಲಿಟ್ಟುಕೊಂಡ ಅದಿರನ್ನು ಕೆನಡಾದ ಉತ್ತರದ ಹಿಮಪ್ರದೇಶದಲ್ಲಿ ಕಂಡುಹಿಡಿದು ಆ ದೇಶದಲ್ಲಿ ಪ್ರಸಿದ್ಧರಾದವರು ಗಿಲ್ಬರ್ಟ್ ಲಬೈನ್.

1890ರಲ್ಲಿ ಒಂಟಾರಿಯೊ ಪ್ರಾಂತದಲ್ಲಿ ಜನಿಸಿದ ಲಬೈನ್, ಹದಿಹರೆಯದಲ್ಲಿಯೇ ಅಲ್ಲಿನ ಕೋಬಾಲ್ಟ್ ಪಟ್ಟಣದ ಬೆಳ್ಳಿಗಣಿಗಳನ್ನು ಸೇರಿದರು. ಬಂಡೆಯ ಮೇಲೆ ಕೋಬಾಲ್ಟಿನ ಗುಲಾಬಿ ಕಲೆ ಕಂಡಲ್ಲಿ ಬೆಳ್ಳಿಯೂ ಇರಬಹುದೆಂಬ ಅನುಭವಜ್ಞಾನ ಅವರಿಗೆ ದೊರೆತದ್ದು ಅಲ್ಲಿಯೇ. ಮುಂದೆ ಸಹೋದರ ಚಾರ್ಲ್ಸ್‌ರೊಡನೆ ಎಲ್ಡೊರಾಡೊ ಎಂಬ ಚಿನ್ನದ ಗಣಿ ಸಂಸ್ಥೆಯನ್ನು ಕಟ್ಟಿದರು. ಮ್ಯಾನಿಟೋಬಾದಲ್ಲಿದ್ದ ಅದರ ಗಣಿಯಲ್ಲಿ ಚಿನ್ನ ಬೇಗನೆ ಮುಗಿಯಿತು. ಹೆಸರು ಮಾತ್ರ ಉಳಿಯಿತು.

ಆಗ ಅವರ ಕೈಹಿಡಿದದ್ದು ಒಂದು ಹಳೆಯ ವರದಿ. 1900ರಲ್ಲಿ ಗ್ರೇಟ್ ಬೇರ್ ಸರೋವರವನ್ನು ಸುತ್ತಿ ಬಂದ ಭೂವಿಜ್ಞಾನಿ ಮ್ಯಾಕಿಂಟಾಶ್ ಬೆಲ್, ಅದರ ಪೂರ್ವದಂಡೆಯ ಬಂಡೆಗಳಲ್ಲಿ ಕೋಬಾಲ್ಟಿನ ಗುಲಾಬಿ ಛಾಯೆಯನ್ನೂ ತಾಮ್ರದ ಹಸಿರನ್ನೂ ಕಂಡುದಾಗಿ ಬರೆದಿದ್ದರು. ಮೂವತ್ತು ವರ್ಷ ಎಲ್ಲರಿಗೂ ಲಭ್ಯವಿದ್ದ ಆ ಸಾಲಿನ ಬೆಲೆಯನ್ನು ಅರಿಯಲು ಕೋಬಾಲ್ಟಿನಲ್ಲಿ ಪಳಗಿದ ಕಣ್ಣೇ ಬೇಕಾಯಿತೆಂದು ತೋರುತ್ತದೆ.

1930ರ ವಸಂತದಲ್ಲಿ ಲಬೈನ್ ಮತ್ತು ಜೊತೆಗಾರ ಸೇಂಟ್ ಪಾಲ್ ಹೆಪ್ಪುಗಟ್ಟಿದ ಸರೋವರದ ಮೇಲೆ ಜಾರುಬಂಡಿಯಲ್ಲಿ ಸಾಮಗ್ರಿ ಎಳೆಯುತ್ತ ನಡೆದರು. ಹಿಮದ ಪ್ರಖರ ಬೆಳಕಿಗೆ ಸೇಂಟ್ ಪಾಲರ ಕಣ್ಣು ತಾತ್ಕಾಲಿಕವಾಗಿ ಕಾಣದಂತಾಯಿತು. ಅವರನ್ನು ಬಿಡಾರದಲ್ಲಿ ಬಿಟ್ಟು ಲಬೈನ್ ಒಬ್ಬರೇ ದಂಡೆಯನ್ನು ಹುಡುಕಿದರು. ಮೇ 16ರಂದು ಬೆಳ್ಳಿಯ ಜೊತೆಗೆ ಭಾರವಾದ ಕಪ್ಪು ಕಲ್ಲೊಂದು ದೊರೆಯಿತು. ಅದು ಪಿಚ್‌ಬ್ಲೆಂಡ್, ರೇಡಿಯಂ ಮತ್ತು ಯುರೇನಿಯಂಗಳ ಅದಿರು.

ದೊರೆತದ್ದು ಸುಲಭ, ತರುವುದು ಕಷ್ಟ. ಗಣಿಯಿದ್ದ ಪೋರ್ಟ್ ರೇಡಿಯಂ ಉತ್ತರ ಧ್ರುವವೃತ್ತದ ಸಮೀಪದಲ್ಲಿತ್ತು. ಶುದ್ಧೀಕರಣದ ಕಾರ್ಖಾನೆ ಒಂಟಾರಿಯೊದ ಪೋರ್ಟ್ ಹೋಪ್‌ನಲ್ಲಿ. ನಡುವೆ ನದಿಗಳು, ದೋಣಿ ಸಾಗದ ಇಳಿಜಾರುಗಳು, ಕಡೆಗೆ ರೈಲು. ವರ್ಷದ ಬಹುಭಾಗ ಜಲಮಾರ್ಗ ಹೆಪ್ಪುಗಟ್ಟಿರುತ್ತಿತ್ತು. ಆದರೂ 1933ರಲ್ಲಿ ಕಾರ್ಖಾನೆ ರೇಡಿಯಂ ಕೊಡತೊಡಗಿತು. ಕಾಂಗೋದ ಅದಿರಿನಿಂದ ಬೆಲ್ಜಿಯನ್ನರು ಸ್ಥಾಪಿಸಿದ್ದ ಏಕಸ್ವಾಮ್ಯ ಮುರಿದು ಬೆಲೆ ಇಳಿಯಿತು. ಯುರೇನಿಯಂಗೆ ಆಗ ಗಾಜು, ಪಿಂಗಾಣಿಗೆ ಬಣ್ಣ ಹಾಕುವುದರಾಚೆಗೆ ಹೆಚ್ಚಿನ ಬೇಡಿಕೆಯಿರಲಿಲ್ಲ.

ಯುದ್ಧ ಅದನ್ನು ಬದಲಿಸಿತು. 1940ರಲ್ಲಿ ಮುಚ್ಚಿದ್ದ ಗಣಿ 1942ರಲ್ಲಿ ಯುರೇನಿಯಂಗಾಗಿಯೇ ತೆರೆಯಿತು. ಅದಿರು ಅಮೆರಿಕದ ಅಣುಬಾಂಬಿನ ಯೋಜನೆಗೆ ಸಂದಿತು. 1944ರಲ್ಲಿ ಕೆನಡಾ ಸರಕಾರ ಸಂಸ್ಥೆಯನ್ನೇ ವಶಪಡಿಸಿಕೊಂಡಿತು. ಲಬೈನ್ ಕೆಲಕಾಲ ಅದರ ಅಧ್ಯಕ್ಷರಾಗಿ ಮುಂದುವರಿದು, ಬಳಿಕ ಅಥಬಾಸ್ಕಾ ಸರೋವರದ ಬಳಿ ಗನ್ನರ್ ಎಂಬ ಯುರೇನಿಯಂ ಗಣಿಯನ್ನು ಬೆಳೆಸಿದರು. 1977ರಲ್ಲಿ ತೀರಿಕೊಂಡರು.

ಡೆನೆ ಮೂಲನಿವಾಸಿಗಳನ್ನು ಬಿಟ್ಟು ಬರೆದರೆ ಈ ಚರಿತ್ರೆ ಅರ್ಧವೇ. ಅದಿರಿನ ಗೋಣಿಚೀಲಗಳನ್ನು ದೋಣಿಯಿಂದ ದೋಣಿಗೆ ಹೆಗಲ ಮೇಲೆ ಹೊತ್ತವರು ಅವರು. ಅದರ ಅಪಾಯವನ್ನು ಯಾರೂ ತಮಗೆ ತಿಳಿಸಲಿಲ್ಲವೆಂದೂ, ಹೊತ್ತವರಲ್ಲಿ ಅನೇಕರು ಮುಂದೆ ಕ್ಯಾನ್ಸರಿಗೆ ತುತ್ತಾದರೆಂದೂ ಆ ಸಮುದಾಯ ದೂರಿತು. 1998ರಲ್ಲಿ ಅವರ ಹಿರಿಯರು ಹಿರೋಶಿಮಾಕ್ಕೆ ತೆರಳಿ, ತಮ್ಮ ನೆಲದಿಂದ ಹೋದ ಕಲ್ಲಿಗಾಗಿ ಅಲ್ಲಿನ ಜನರ ಕ್ಷಮೆ ಕೇಳಿದರು.