ವಿಜ್ಞಾನಿ ಜಿ. ಎನ್. ರಾಮಚಂದ್ರನ್

ತುಮಕೂರಿಗೆ ಸಮೀಪದಲ್ಲಿರುವ ದೇವರಾಯನದುರ್ಗ ಕಾಡು ಬೆಟ್ಟಗಳಿಂದ ಕೂಡಿದ ರಮಣೀಯ ಕ್ಷೇತ್ರ. ಕೆಳಗೆ ಭೋಗನರಸಿಂಹನ ಗುಡಿ, ಮೇಲೆ ಯೋಗನರಸಿಂಹನ ಗುಡಿ. ಬೆಟ್ಟವನ್ನು ಏರುವ ರಸ್ತೆ ನೇರವಾಗಿಲ್ಲ; ಬೆಟ್ಟದ ಮೈಯನ್ನು ಬಳಸಿ ತಿರುವು ತಿರುವಾಗಿ ಸಾಗುತ್ತದೆ. ಇಂತಹ ದಾರಿಯಲ್ಲಿ ಒಂದು ವಿಶೇಷವುಂಟು. ರಸ್ತೆಯ ಅಳತೆಯಲ್ಲಿ ಬಹುದೂರವಿರುವ ಎರಡು ತಿರುವುಗಳು ನೇರ ಅಳತೆಯಲ್ಲಿ ಅಕ್ಕಪಕ್ಕದಲ್ಲಿಯೇ ಇರಬಹುದು. ಮೇಲಿನ ತಿರುವಿನಲ್ಲಿ ನಿಂತವನು ಕೂಗಿದರೆ ಕೆಳಗಿನ ತಿರುವಿನಲ್ಲಿ ನಡೆಯುವವನಿಗೆ ಕೇಳಿಸುತ್ತದೆ. ಆದರೆ ಅವನನ್ನು ಸೇರಬೇಕಾದರೆ ಬಹಳ ದೂರ ನಡೆಯಬೇಕು. ದಾರಿಯ ದೂರ ಬೇರೆ, ನೆರೆಹೊರೆಯ ದೂರ ಬೇರೆ.

ಪ್ರಾಣಿಗಳ ಮತ್ತು ಸಸ್ಯಗಳ ದೇಹದಲ್ಲಿರುವ ಪ್ರೋಟೀನುಗಳ ರಚನೆಯೂ ಇಂತಹುದೇ. ನಮ್ಮ ಕೂದಲು, ಉಗುರು, ಚರ್ಮ, ರಕ್ತದ ಕೆಂಪು ಬಣ್ಣ, ಆಹಾರವನ್ನು ಜೀರ್ಣಿಸುವ ರಸಗಳು, ಇವೆಲ್ಲಕ್ಕೂ ಪ್ರೋಟೀನುಗಳೇ ಆಧಾರ. 20 ಬಗೆಯ ಅಮೈನೋ ಆಮ್ಲಗಳು ಬೇರೆ ಬೇರೆ ಕ್ರಮದಲ್ಲಿ ಕೊಂಡಿಗಳಂತೆ ಸೇರಿ ಪ್ರೋಟೀನಿನ ಸರಪಣಿಯಾಗುತ್ತದೆ. ಹಾಗೆ ಸೇರುವಾಗ ಪ್ರತಿ ಜೋಡಣೆಯಲ್ಲಿಯೂ ಒಂದು ನೀರಿನ ಅಣು ಹೊರಬೀಳುವುದರಿಂದ, ಸರಪಣಿಯಲ್ಲಿ ಉಳಿದ ಅಮೈನೋ ಆಮ್ಲದ ಭಾಗವನ್ನು ಶೇಷ ಎಂದು ಕರೆಯುತ್ತಾರೆ. ಸರಪಣಿ ನೇರವಾಗಿ ನಿಲ್ಲದೆ ಮಡಿಸಿಕೊಂಡು ಸುರುಳಿಯಾಗುತ್ತದೆ. ಸರಪಣಿಯ ಉದ್ದಕ್ಕೆ ಎಣಿಸಿದರೆ ದೂರವಿರುವ 2 ಶೇಷಗಳು ಆಗ ಪರಸ್ಪರ ನೆರೆಗೆ ಬರುತ್ತವೆ. ಯಾವ ಶೇಷಕ್ಕೆ ಯಾವುದು ನೆರೆ ಎಂಬುದರ ಮೇಲೆ ಪ್ರೋಟೀನಿನ ಆಕಾರವೂ ಕೆಲಸವೂ ನಿಂತಿವೆ. ಹಾಗಾದರೆ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಯಾವ ಮಿತಿಯನ್ನು ಅವು ದಾಟಲಾರವು? ಈ ಪ್ರಶ್ನೆಯನ್ನು ಹಿಡಿದು ಇಡೀ ಜಗತ್ತಿಗೆ ಉಪಯುಕ್ತವಾದ ಉತ್ತರವನ್ನು ಕೊಟ್ಟವರು ಬೆಂಗಳೂರಿನಲ್ಲಿ ಓದಿ, ಮದರಾಸಿನಲ್ಲಿ ದುಡಿದು, ಮತ್ತೆ ಬೆಂಗಳೂರಿಗೆ ಬಂದು ನೆಲೆಸಿದ ವಿಜ್ಞಾನಿ ಜಿ. ಎನ್. ರಾಮಚಂದ್ರನ್.

ರಾಮಚಂದ್ರನ್ನರು 1922ನೆಯ ಇಸವಿ ಅಕ್ಟೋಬರ್ 8ರಂದು ಇಂದಿನ ಕೇರಳದ ಎರ್ನಾಕುಲಂನಲ್ಲಿ ಜನಿಸಿದರು. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ತಾಯಿ ಲಕ್ಷ್ಮಿ ಅಮ್ಮಾಳ್. ಗಣಿತದಲ್ಲಿ ಮಗನಿಗೆ ಹುಟ್ಟಿದ ಆಸಕ್ತಿ ತಂದೆಯಿಂದ ಬಂದ ಬಳುವಳಿ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಅಭ್ಯಾಸಮಾಡಿ ಆನರ್ಸ್ ಪದವಿಯನ್ನು ಪಡೆದ ಅವರು 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುತ್ತಿದ್ದ ಈ ಸಂಸ್ಥೆಯಲ್ಲಿ ಅವರು ಮೊದಲು ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ.

ಆಗ ಅಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದವರು ಸರ್ ಸಿ. ವಿ. ರಾಮನ್. ತರುಣನ ಒಲವು ಭೌತವಿಜ್ಞಾನದ ಕಡೆಗಿರುವುದನ್ನು ಅರಿತು ರಾಮನ್ನರು ಆತನನ್ನು ತಮ್ಮ ವಿಭಾಗಕ್ಕೆ ಸೇರಿಸಿಕೊಂಡರು. ಗುರುವಿನ ಮಾರ್ಗದರ್ಶನದಲ್ಲಿ ರಾಮಚಂದ್ರನ್ನರು ವಜ್ರವೇ ಮೊದಲಾದ ಸ್ಫಟಿಕಗಳನ್ನು ಕುರಿತು ಸಂಶೋಧನೆ ನಡೆಸಿದರು. ಕ್ಷ-ಕಿರಣಗಳನ್ನು ಸ್ಫಟಿಕದ ಮೂಲಕ ಹಾಯಿಸಿದಾಗ ಅವು ಚೆದರಿ ಛಾಯಾಫಲಕದ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಆ ಚುಕ್ಕೆಗಳಿಂದ ಒಳಗಿನ ಪರಮಾಣುಗಳ ಜೋಡಣೆಯನ್ನು ಲೆಕ್ಕಹಾಕಿ ತಿಳಿಯಬಹುದು. ಈ ವಿದ್ಯೆಯಲ್ಲಿ ಪಳಗಿದ ಅವರು 1947ರಲ್ಲಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಎರಡು ವರ್ಷ ದುಡಿದು ಡಾಕ್ಟರೇಟ್ ಪಡೆದರು. ಅಲ್ಲಿದ್ದಾಗ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗರ ಪರಿಚಯ ದೊರೆಯಿತು. ಪ್ರೋಟೀನು ಸರಪಣಿಗಳ ಮಾದರಿಯನ್ನು ಕಟ್ಟುವ ವಿಷಯದಲ್ಲಿ ಪಾಲಿಂಗರು ತಳೆದಿದ್ದ ದೃಷ್ಟಿ ಅವರ ಮನಸ್ಸಿನಲ್ಲಿ ಅಚ್ಚೊತ್ತಿತು.

1949ರಲ್ಲಿ ಬೆಂಗಳೂರಿಗೆ ಹಿಂದಿರುಗಿದ ರಾಮಚಂದ್ರನ್ನರಿಗೆ 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಕರೆ ಬಂದಿತು. ಹೊಸ ಭೌತವಿಜ್ಞಾನ ವಿಭಾಗಕ್ಕೆ ಬರಬೇಕೆಂದು ಉಪಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರರು ಕೇಳಿದ್ದು ರಾಮನ್ನರನ್ನು. ರಾಮನ್ನರು ಸೂಚಿಸಿದ್ದು ಶಿಷ್ಯನ ಹೆಸರನ್ನು. ಹೀಗೆ ಸುಮಾರು 30ರ ವಯಸ್ಸಿನಲ್ಲಿಯೇ ಅವರು ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಭೇಟಿಯಿತ್ತ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲ್ಯಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಿಡಿಸಲಾಗದ ಒಗಟಾಗಿಯೇ ಇದೆಯೆಂದು ತಿಳಿಸಿದರು. ಚರ್ಮ, ಮೂಳೆ, ಮೃದ್ವಸ್ಥಿ, ಸ್ನಾಯುರಜ್ಜು ಇವುಗಳಿಗೆಲ್ಲ ಬಲವನ್ನು ಕೊಡುವುದು ಈ ಕೊಲ್ಯಾಜನ್. ರಾಮಚಂದ್ರನ್ನರು ಗೋಪೀನಾಥ ಕರ್ತಾ ಎಂಬ ತರುಣ ವಿಜ್ಞಾನಿಯೊಡನೆ ಆ ಒಗಟಿಗೆ ಕೈಹಾಕಿದರು. ಕಾಂಗರೂವಿನ ಬಾಲದ ಸ್ನಾಯುರಜ್ಜು ಅವರ ಪರೀಕ್ಷೆಯ ವಸ್ತುವಾಯಿತು.

ಕೊಲ್ಯಾಜನ್ನಿನಲ್ಲಿ ಪ್ರತಿ ಮೂರನೆಯ ಶೇಷ ಗ್ಲೈಸೀನ್. ಅಮೈನೋ ಆಮ್ಲಗಳಲ್ಲೆಲ್ಲ ಅತ್ಯಂತ ಚಿಕ್ಕದಾದ ಇದು ಇಷ್ಟು ಕ್ರಮವಾಗಿ ಏಕೆ ಬರಬೇಕು? ಮೂರು ಸರಪಣಿಗಳು ಒಂದರ ಪಕ್ಕದಲ್ಲೊಂದು ನಿಂತಿದ್ದರೆ ಅವುಗಳ ಒಳಮೈಯಲ್ಲಿ ದೊಡ್ಡ ಶೇಷಕ್ಕೆ ಎಡೆಯಿರುವುದಿಲ್ಲ. ಗ್ಲೈಸೀನ್ ಮಾತ್ರ ಹಿಡಿಸುತ್ತದೆ. ಈ ಸುಳಿವನ್ನು ಹಿಡಿದು 1954ರಲ್ಲಿ ಅವರು ಮೂರು ಸರಪಣಿಗಳ ಮಾದರಿಯನ್ನು ಪ್ರಕಟಿಸಿದರು. ಮೂರೆಳೆಯ ಹಗ್ಗದಂತೆ ಆ ಸರಪಣಿಗಳು ಒಂದಕ್ಕೊಂದು ಹುರಿಗೊಂಡಿರುತ್ತವೆಂದು 1955ರಲ್ಲಿ ಅದನ್ನೇ ತಿದ್ದಿ ಉತ್ತಮಗೊಳಿಸಿದರು. ಇಂದು ತಿಳಿದಿರುವಂತೆ, ಆ ಗ್ಲೈಸೀನಿನ ಸ್ಥಳದಲ್ಲಿ ಬೇರೊಂದು ಶೇಷ ಬಂದು ಕುಳಿತರೆ ಹಗ್ಗದ ಹುರಿ ಕೆಡುತ್ತದೆ. ಮೂಳೆಗಳು ಸುಲಭವಾಗಿ ಮುರಿಯುವ ಹುಟ್ಟುರೋಗಕ್ಕೆ ಅನೇಕ ವೇಳೆ ಇದೇ ಕಾರಣ.

ಆದರೆ ಮಾದರಿ ಪ್ರಕಟವಾದೊಡನೆ ಆಕ್ಷೇಪಣೆಯೂ ಬಂದಿತು. ಅದನ್ನು ಎತ್ತಿದವರು ಸಾಮಾನ್ಯರಲ್ಲ, ಡಿ.ಎನ್.ಎ.ಯ ರಚನೆಯನ್ನು ಕಂಡುಹಿಡಿದ ಫ್ರಾನ್ಸಿಸ್ ಕ್ರಿಕ್ ಮತ್ತು ಅವರ ಜೊತೆಗಾರ ಅಲೆಕ್ಸಾಂಡರ್ ರಿಚ್. ಮೂರು ಸರಪಣಿಗಳ ಹುರಿಯನ್ನು ಅವರೂ ಒಪ್ಪಿದರು. ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರದಲ್ಲಿವೆ, ಮೂರು ಶೇಷಗಳಿಗೆ ಎರಡು ಜಲಜನಕ ಬಂಧಗಳಿರುವುದು ಸಾಧ್ಯವಿಲ್ಲ, ಒಂದೇ ಬಂಧವಿರಬೇಕು ಎಂಬುದು ಅವರ ವಾದ. ಕೇಂಬ್ರಿಜ್‌ನ ಖ್ಯಾತನಾಮರು ಒಂದು ಕಡೆ, ಮದರಾಸಿನ ಪುಟ್ಟ ತಂಡ ಮತ್ತೊಂದು ಕಡೆ. ಅನೇಕರ ಕಣ್ಣಿಗೆ ಮದರಾಸಿನ ಸಾಧನೆ ಮಸುಕಾಯಿತು.

ಈ ಸಂದರ್ಭದಲ್ಲಿ ರಾಮಚಂದ್ರನ್ನರು ಎದೆಗುಂದಲಿಲ್ಲ. ಬರಿಯ ವಾಗ್ವಾದದಲ್ಲಿ ಕಾಲ ಕಳೆಯಲೂ ಇಲ್ಲ. ಆಕ್ಷೇಪಣೆಯ ಬುಡವನ್ನೇ ಅವರು ಪರೀಕ್ಷಿಸಹೊರಟರು. ಪರಮಾಣುಗಳು ತೀರ ಹತ್ತಿರವಾದುವು ಎನ್ನಬೇಕಾದರೆ ಹತ್ತಿರ ಎಂಬುದರ ಅಳತೆ ಗೊತ್ತಿರಬೇಕಷ್ಟೆ. ಖಚಿತವಾದ ಅಂತಹ ಅಳತೆ ಆಗ ಯಾರ ಬಳಿಯೂ ಇರಲಿಲ್ಲ. ಅಮೈನೋ ಆಮ್ಲಗಳ ಮತ್ತು ಅವುಗಳ ಚಿಕ್ಕ ಜೋಡಣೆಗಳ ಸ್ಫಟಿಕ ರಚನೆಗಳು ಆ ವೇಳೆಗೆ ಎಷ್ಟು ಪ್ರಕಟವಾಗಿದ್ದವೋ ಅವುಗಳನ್ನು ಕಲೆಹಾಕಿ, ಪರಮಾಣುಗಳು ಪರಸ್ಪರ ಎಷ್ಟೆಷ್ಟು ಸಮೀಪಕ್ಕೆ ಬಂದಿವೆಯೆಂಬುದನ್ನು ಅವರ ತಂಡ ಪರಿಶೀಲಿಸಿತು. ಇದರಿಂದ ಪ್ರತಿಯೊಂದು ಜೋಡಿಗೂ ಎರಡು ಮಿತಿಗಳು ದೊರೆತವು. ಪರಸ್ಪರ ಬಂಧದಿಂದ ಸೇರಿರದ ಇಂಗಾಲದ ಎರಡು ಪರಮಾಣುಗಳು ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಮ್‌ಗಿಂತ ಹತ್ತಿರ ಬರವು, ಅಪರೂಪಕ್ಕೆ 3.0ರವರೆಗೆ ಬರಬಹುದು. ಜಲಜನಕದ ಎರಡು ಪರಮಾಣುಗಳಿಗೆ ಈ ಮಿತಿಗಳು 2.0 ಮತ್ತು 1.9. ಮಿಲಿಮೀಟರಿನ ಒಂದು ಕೋಟಿ ಭಾಗಗಳಲ್ಲಿ ಒಂದು ಭಾಗವೇ ಆಂಗ್‌ಸ್ಟ್ರಾಮ್ ಎಂದರೆ ಈ ಅಳತೆಯ ಸೂಕ್ಷ್ಮತೆ ಅರಿವಾಗುತ್ತದೆ.

ಮುಂದಿನ ಹೆಜ್ಜೆ ಇನ್ನೂ ಹಿರಿದು. ಸರಪಣಿಯ ಪ್ರತಿಯೊಂದು ಶೇಷದ ನಡುವಿನ ಇಂಗಾಲದ ಪರಮಾಣುವಿನ ಎರಡೂ ಕಡೆ ಒಂದೊಂದು ಬಂಧವಿದ್ದು, ಸರಪಣಿ ಅವುಗಳ ಸುತ್ತ ತಿರುಗಬಲ್ಲುದು. ಈ ತಿರುವುಗಳ ಕೋನಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಎಲ್ಲ ಶೇಷಗಳ ಈ ಎರಡು ಕೋನಗಳು ತಿಳಿದರೆ ಸರಪಣಿಯ ಬೆನ್ನೆಲುಬು ಹೇಗೆ ಬಳುಕಿದೆಯೆಂಬುದು ಬಹುಮಟ್ಟಿಗೆ ತಿಳಿದಂತೆಯೇ. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಈ ಮೂವರೂ ಒಂದೊಂದು ಜೊತೆ ಕೋನಕ್ಕೂ ಪರಮಾಣುಗಳ ನಡುವಣ ಅಂತರಗಳನ್ನು ಲೆಕ್ಕಹಾಕಿದರು. ಇಂದಿನಂತಹ ಗಣಕಯಂತ್ರಗಳ ನೆರವಿಲ್ಲದ ಆ ದಿನಗಳಲ್ಲಿ ಇದು ತಾಳ್ಮೆಯನ್ನು ಒರೆಗೆ ಹಚ್ಚುವ ಕೆಲಸವಾಗಿತ್ತು. ಮಿತಿಯನ್ನು ಮೀರಿದ ಕೋನಗಳನ್ನು ತಳ್ಳಿಹಾಕಿ, ಉಳಿದವನ್ನು ಒಂದು ಚೌಕದಲ್ಲಿ ಗುರುತಿಸಿದರು. 1963ರಲ್ಲಿ ಪ್ರಕಟವಾದ ಈ ಚಿತ್ರವೇ ರಾಮಚಂದ್ರನ್ ನಕ್ಷೆ.

ನಕ್ಷೆಯ ಸುಮಾರು ಮುಕ್ಕಾಲು ಭಾಗ ನಿಷಿದ್ಧ ಪ್ರದೇಶವೆಂದು ಕಂಡುಬಂದಿತು. ಸರಪಣಿ ಮನಸ್ಸಿಗೆ ಬಂದಂತೆ ಮಡಿಸಿಕೊಳ್ಳಲಾರದು. ಪರಮಾಣುಗಳು ಒಂದರ ಎಡೆಯನ್ನು ಮತ್ತೊಂದು ಆಕ್ರಮಿಸದಂತೆ ಕೆಲವೇ ಬಗೆಗಳಲ್ಲಿ ಬಾಗಬಲ್ಲುದು. ಪಾಲಿಂಗರ ತಂಡ 1951ರಲ್ಲಿ ಸೂಚಿಸಿದ್ದ ಆಲ್ಫಾ ಸುರುಳಿ ಮತ್ತು ಬೀಟಾ ಹಾಳೆಯ ರಚನೆಗಳೂ ಕೊಲ್ಯಾಜನ್ನಿನ ಹುರಿಯೂ ನಕ್ಷೆಯ ಅನುಮತ ಪ್ರದೇಶದಲ್ಲಿಯೇ ಬಿದ್ದವು. ತಮ್ಮ ಮಾದರಿಯನ್ನು ಸಮರ್ಥಿಸಿಕೊಳ್ಳಲು ಹೊರಟ ವಿಜ್ಞಾನಿ ಎಲ್ಲ ಪ್ರೋಟೀನುಗಳಿಗೂ ಅನ್ವಯಿಸುವ ನಿಯಮವನ್ನೇ ಕಂಡುಕೊಂಡಿದ್ದರು.

ಕೊಲ್ಯಾಜನ್ನಿನ ವಿವಾದ ಏನಾಯಿತು? ಮೂರು ಸರಪಣಿಗಳ ಹುರಿಯೆಂಬ ಮೂಲಕಲ್ಪನೆ ಸ್ಥಿರವಾಗಿ ನಿಂತಿತು. ನೇರವಾದ ಜಲಜನಕ ಬಂಧ ಮೂರು ಶೇಷಗಳಿಗೆ ಒಂದೇ ಎಂಬ ಕ್ರಿಕ್ ಮತ್ತು ರಿಚ್ ಅವರ ಮಾತು ಮುಂದೆ ನಿಜವಾಯಿತು. ಎರಡನೆಯ ಬಂಧವನ್ನು ನೀರಿನ ಅಣು ಏರ್ಪಡಿಸಬಹುದೆಂದು ರಾಮಚಂದ್ರನ್ನರು ಆಮೇಲೆ ಸೂಚಿಸಿದ್ದರು. ಸರಪಣಿಗಳ ನಡುವೆ ಸೇತುವೆಗಳಂತೆ ನಿಂತ ನೀರಿನ ಅಣುಗಳು 1994ರಲ್ಲಿ ಪ್ರಕಟವಾದ ಸ್ಫಟಿಕ ರಚನೆಯಲ್ಲಿ ಕಾಣಿಸಿಕೊಂಡವು. ಸತ್ಯದಲ್ಲಿ ಇಬ್ಬರಿಗೂ ಪಾಲು ದೊರೆಯಿತು. ಆದರೆ ವಿವಾದದಿಂದ ಹುಟ್ಟಿದ ನಕ್ಷೆ ವಿವಾದಕ್ಕಿಂತ ಬಹಳ ದೊಡ್ಡದಾಗಿ ಬೆಳೆಯಿತು.

ರಾಮಚಂದ್ರನ್ನರು 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತವಿಜ್ಞಾನ ವಿಭಾಗವನ್ನು ಸ್ಥಾಪಿಸಿದರು. ಮದರಾಸಿನಲ್ಲಿ ಬೆಳೆದ ವಿದ್ಯೆ ಹೀಗೆ ಕರ್ನಾಟಕದಲ್ಲಿ ಬೇರೂರಿತು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ನರೊಡನೆ ಅವರು, ಬೇರೆ ಬೇರೆ ಕಡೆಗಳಿಂದ ತೆಗೆದ ಕ್ಷ-ಕಿರಣ ಚಿತ್ರಗಳಿಂದ ವಸ್ತುವಿನ ಒಳರೂಪವನ್ನು ಪುನಃ ರಚಿಸುವ ಗಣಿತ ವಿಧಾನವೊಂದನ್ನು ಪ್ರಕಟಿಸಿದರು. ಆಸ್ಪತ್ರೆಗಳಲ್ಲಿ ಬಳಸುವ ಸಿ.ಟಿ. ಸ್ಕ್ಯಾನ್ ಯಂತ್ರಗಳಿಗೆ ಈ ವಿಧಾನ ಬಹಳ ಉಪಕಾರಿಯಾಯಿತು.

ಅವರಿಗೆ 1961ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1999ರಲ್ಲಿ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟ ಎವಾಲ್ಡ್ ಪ್ರಶಸ್ತಿಯನ್ನಿತ್ತು ಗೌರವಿಸಿತು. ಶಾಸ್ತ್ರೀಯ ಸಂಗೀತ ಮತ್ತು ಭಾರತೀಯ ತತ್ತ್ವಶಾಸ್ತ್ರ ಅವರಿಗೆ ಪ್ರಿಯವಾದ ವಿಷಯಗಳು. ಕೊನೆಯ ವರ್ಷಗಳು ಅನಾರೋಗ್ಯದಲ್ಲಿ ಕಳೆದವು. 1998ರಲ್ಲಿ ಪತ್ನಿ ರಾಜಲಕ್ಷ್ಮಿಯವರನ್ನು ಕಳೆದುಕೊಂಡ ದುಃಖ ಅವರನ್ನು ಇನ್ನಷ್ಟು ಕುಗ್ಗಿಸಿತು. 2001ನೆಯ ಇಸವಿ ಏಪ್ರಿಲ್ 7ರಂದು ಚೆನ್ನೈಯಲ್ಲಿ ತಮ್ಮ 78ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಇಂದು 2 ಲಕ್ಷಕ್ಕೂ ಹೆಚ್ಚು ರಚನೆಗಳು ಪ್ರೋಟೀನುಗಳ ಅಂತರರಾಷ್ಟ್ರೀಯ ಭಂಡಾರದಲ್ಲಿವೆ. ಅವುಗಳಲ್ಲಿ ಯಾವ ಶೇಷ ಯಾವುದರ ನೆರೆಯಲ್ಲಿದೆಯೆಂಬುದನ್ನು ಗಣಕಯಂತ್ರಗಳು ಕ್ಷಣಮಾತ್ರದಲ್ಲಿ ಪಟ್ಟಿಮಾಡುತ್ತವೆ. ಶೇಷಗಳ ಕ್ರಮವೊಂದರಿಂದಲೇ ಪ್ರೋಟೀನಿನ ಆಕಾರವನ್ನು ಊಹಿಸಬಲ್ಲ ವಿಧಾನಕ್ಕೆ 2024ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿದೆ. ಆದರೂ ಹೊಸ ರಚನೆಯೊಂದು ಸಿದ್ಧವಾದಾಗ ಅದು ಸರಿಯೋ ತಪ್ಪೋ ಎಂದು ನೋಡಲು ಜಗತ್ತಿನ ಪ್ರಯೋಗಾಲಯಗಳು ಮೊದಲು ಹಿಡಿಯುವ ಒರೆಗಲ್ಲುಗಳಲ್ಲಿ ರಾಮಚಂದ್ರನ್ ನಕ್ಷೆಯೂ ಒಂದು. ತಮ್ಮ ಕೃತಿಯ ಮೇಲೆ ಬಂದ ಸಂದೇಹವನ್ನು ಅವಮಾನವೆಂದು ಬಗೆಯದೆ, ಉತ್ತರಿಸಬೇಕಾದ ಪ್ರಶ್ನೆಯೆಂದು ಸ್ವೀಕರಿಸಿದ ಧೀರ ವಿಜ್ಞಾನಿಯ ಹೆಸರು ಆ ನಕ್ಷೆಯೊಡನೆ ಶಾಶ್ವತವಾಗಿ ಉಳಿದಿದೆ.