ನಿಜಾಮರ ದರ್ಬಾರಿನ ಚಂದಾ

ತಾರ್ನಾಕಾದಲ್ಲಿ ನಾನು ಮನೆ ಮಾಡಿ ಎಂಟು ವರ್ಷವಾಯಿತು. ಉಸ್ಮಾನಿಯಾ ವಿಶ್ವವಿದ್ಯಾಲಯದ ಮುಂದೆಯೇ ದಿನವೂ ಕೆಲಸಕ್ಕೆ ಹೋಗುವುದು. ವಿಶ್ವವಿದ್ಯಾಲಯವಿರುವ ಈ ಅಡಿಕ್‌ಮೆಟ್ ಕಡೆಯ ಜಮೀನು ಒಂದು ಕಾಲಕ್ಕೆ ಒಬ್ಬ ಹಾಡುಗಾರ್ತಿಯ ಜಹಗೀರಾಗಿತ್ತು ಎಂದರೆ ಇದೇ ಊರಲ್ಲಿ ಹುಟ್ಟಿದ ನನ್ನ ಸಹೋದ್ಯೋಗಿಗಳೇ ಹುಬ್ಬೇರಿಸುತ್ತಾರೆ. ಆಕೆಯ ಹೆಸರು ಮಾಹ್ ಲಕಾ ಬಾಯಿ, ಕಾವ್ಯನಾಮ ಚಂದಾ.

ಹುಟ್ಟಿದ್ದು 1768ರಲ್ಲಿ. ತಾಯಿ ರಾಜ್ ಕುಂವರ್ ಬಾಯಿ ಹಾಡು, ಕುಣಿತವನ್ನೇ ನಂಬಿ ಗುಜರಾತಿನ ಕಡೆಯಿಂದ ದಖ್ಖನ್ನಿಗೆ ಬಂದವಳು. ನಮ್ಮಂತೆ ವಲಸೆಯವಳೇ ಅನ್ನಿ, ಕೈಯಲ್ಲಿ ನೇಮಕಾತಿ ಪತ್ರ ಇರಲಿಲ್ಲ ಅಷ್ಟೆ. ಅಕ್ಕ ಮೆಹ್ತಾಬ್ ನಿಜಾಮರ ದಿವಾನ ರುಕ್ನುದ್ದೌಲಾನ ಮನೆ ಸೇರಿದ್ದಳು. ತಂಗಿಯನ್ನು ಅವಳೇ ಸಾಕಿಕೊಂಡಳು. ಹಾಗಾಗಿ ಹುಡುಗಿಗೆ ಓದು ಸಿಕ್ಕಿತು, ಕುದುರೆ ಸವಾರಿ, ಬಿಲ್ವಿದ್ಯೆಯೂ ಸಿಕ್ಕಿದವು. ಸಂಗೀತದ ಗುರು ಖುಶ್‌ಹಾಲ್ ಖಾನ್, ತಾನ್‌ಸೇನರ ವಂಶದವರೆಂದು ಹೆಸರಾದವರು. ಖಯಾಲ್, ಟಪ್ಪಾಗಳಲ್ಲಿ ಪಳಗಿದ ಆಕೆ ಎರಡನೆಯ ನಿಜಾಮನ ದರ್ಬಾರಿನಲ್ಲಿ ಹಾಡಿದ್ದಷ್ಟೇ ಅಲ್ಲ, ಅವನ ದಂಡಯಾತ್ರೆಗಳಿಗೂ ಹೋದಳು. ಅಮೀರರ ಸಾಲಿನಲ್ಲಿ ಸ್ಥಾನ ಪಡೆದಳು. ಮದುವೆಯಾಗಲಿಲ್ಲ.

ಕನ್ನಡಿಗರು ಗಮನಿಸಬೇಕಾದ ಒಂದು ಸಂಜೆಯಿದೆ: 1799ರ ಅಕ್ಟೋಬರ್, ಮೀರ್ ಆಲಮ್‌ನ ಮನೆ. ಆ ಮೇ ತಿಂಗಳಲ್ಲಷ್ಟೇ ಶ್ರೀರಂಗಪಟ್ಟಣ ಬಿದ್ದಿತ್ತು, ಟಿಪ್ಪು ಸತ್ತಿದ್ದ. ಆ ಯುದ್ಧದಲ್ಲಿ ನಿಜಾಮನ ಸೇನೆಯ ನೇತೃತ್ವ ಇದೇ ಮೀರ್ ಆಲಮ್‌ನದು. ಅತಿಥಿ ಜಾನ್ ಮಾಲ್ಕಮ್ ಕೂಡ ಅದೇ ದಂಡಿನ ಜೊತೆ ಬಂದಿದ್ದ ಇಂಗ್ಲಿಷ್ ಅಧಿಕಾರಿ. ನಮ್ಮೂರಿನ ಕೋಟೆ ಗೆದ್ದು ಬಂದವರ ಮುಂದೆ ಮಾಹ್ ಲಕಾ ಹಾಡಿ ಕುಣಿದಳು, ಕುಣಿತದ ನಡುವೆಯೇ ತನ್ನ ಗಜಲ್‌ಗಳ ಹಸ್ತಪ್ರತಿಯನ್ನು ಮಾಲ್ಕಮ್‌ನ ಕೈಗಿತ್ತಳು. ಆ ಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗೆದ್ದವರಿಂದ ಇನಾಮು ಪಡೆಯುವುದು ಕಲಾವಿದರ ರೂಢಿ. ಆಕೆ ಕೊಟ್ಟು ಬಂದಳು, ಅದೂ ತಾನೇ ಬರೆದದ್ದನ್ನು. ನನಗೆ ಆಕೆ ಇಷ್ಟವಾದದ್ದು ಇಲ್ಲಿಯೇ.

ಉರ್ದುವಿನಲ್ಲಿ ದಿವಾನ್, ಅಂದರೆ ಗಜಲ್ ಸಂಕಲನ, ಹೊಂದಿದ ಮೊದಲ ಮಹಿಳೆ ಎಂದು ಬಹುಕಾಲ ಈಕೆಯನ್ನೇ ಹೇಳುತ್ತಿದ್ದರು. ಇದೇ ಹೈದರಾಬಾದಿನ ಲುತ್ಫುನ್ನಿಸಾ ಇಮ್ತಿಯಾಜ್ ಒಂದೆರಡು ವರ್ಷ ಮೊದಲೇ ದಿವಾನ್ ಸಿದ್ಧಪಡಿಸಿದ್ದಳೆಂಬುದು ಆಮೇಲೆ ತಿಳಿಯಿತು. ಪಟ್ಟ ಹೋದರೂ ನಷ್ಟವೇನಿಲ್ಲ. ನನ್ನ ತಕರಾರು ಇನ್ನೊಂದು ಪದದ ಬಗ್ಗೆ. ತವಾಯಿಫ್ ಎಂದೊಡನೆ ಕೆಲವರ ತುಟಿಯಂಚಿನಲ್ಲಿ ನಗು ಮೂಡುತ್ತದೆ. ಗಜಲ್ ಬರೆದು, ತನ್ನ ಕಾಲದ ಚರಿತ್ರೆಯನ್ನು ಬೇರೆಯವರಿಂದ ಬರೆಸಿ, ಹುಡುಗಿಯರಿಗೆ ಸಂಗೀತ ಕಲಿಸಿದವಳಿಗೆ ಆ ನಗುವಿನಲ್ಲಿ ಜಾಗವೆಲ್ಲಿ?

ಹಾಡು ಮಾತ್ರ ಉಳಿಯಲಿಲ್ಲ. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಗೌಹರ್ ಜಾನ್‌ಗೆ ಗ್ರಾಮಫೋನ್ ಇತ್ತು, ಅವಳ ದನಿ ಇಂದಿಗೂ ಕೇಳಸಿಗುತ್ತದೆ. ಮಾಹ್ ಲಕಾಳ ಕಾಲಕ್ಕೂ ಆ ಯಂತ್ರಕ್ಕೂ ನಡುವೆ ಒಂದು ತಲೆಮಾರಲ್ಲ, ಮೂರ್ನಾಲ್ಕು ತಲೆಮಾರುಗಳ ಅಂತರ.

ಉಳಿದಿರುವುದು ಮೌಲಾ ಅಲಿ ಗುಡ್ಡದ ಬುಡದಲ್ಲಿರುವ ಗೋರಿ. ತಾಯಿ ಸತ್ತಾಗ ಆಕೆಯೇ ಕಟ್ಟಿಸಿದ್ದು. 1824ರಲ್ಲಿ ಆಕೆಯನ್ನೂ ಅಲ್ಲೇ, ತಾಯಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಬಹುಕಾಲ ಪಾಳುಬಿದ್ದಿದ್ದ ಅದನ್ನು ಕೆಲವು ವರ್ಷಗಳ ಹಿಂದೆ ಅಮೆರಿಕ ಸರ್ಕಾರದ ನೆರವಿನಿಂದ ದುರಸ್ತಿ ಮಾಡಿದರು. ಸಿಕಂದರಾಬಾದಿನಲ್ಲಿರುವವರಿಗೆ ಅದೇನೂ ದೂರವಲ್ಲ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಬಿಸಿಲೇರುವ ಮುಂಚೆ ಹೋದರೆ ಒಳ್ಳೆಯದು.